ಚಿನ್ನದ ಚಿತ್ರದೊಳಗಿನ ಅಡೇಲೆ ಬ್ಲಾಖ್-ಬಾವರ್

ವಿಯೆನ್ನಾದ ಯಹೂದಿ ಬ್ಯಾಂಕರೊಬ್ಬರ ಮಗಳಾಗಿ 1881ರಲ್ಲಿ ಜನಿಸಿದ ಅಡೇಲೆಗೆ ಓದುವ ಹಂಬಲ ಬಹಳವಿತ್ತು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. 1899ರಲ್ಲಿ, ಹದಿನೆಂಟರ ಹರೆಯದಲ್ಲಿ, ತಮಗಿಂತ 17 ವರ್ಷ ಹಿರಿಯರಾದ ಸಕ್ಕರೆ ಉದ್ಯಮಿ ಫರ್ಡಿನಾಂಡ್ ಬ್ಲಾಖ್ ಅವರನ್ನು ವರಿಸಿದರು. ಮಕ್ಕಳು ಉಳಿಯಲಿಲ್ಲ. ಶಾಲೆ ಕೊಡದುದನ್ನು ಅಡೇಲೆ ಪುಸ್ತಕಗಳಿಂದ ತಾವೇ ಗಳಿಸಿಕೊಂಡರು; ಅವರ ಮನೆ ಕಲಾವಿದರು, ಲೇಖಕರು, ಸಮಾಜವಾದಿಗಳು ಕೂಡುವ ತಾಣವಾಯಿತು.

ಗುಸ್ತಾವ್ ಕ್ಲಿಮ್ಟ್ ಅವರ ಭಾವಚಿತ್ರವನ್ನು ಚಿನ್ನದ ರೇಕುಗಳಿಂದ ತುಂಬಿ 1907ರಲ್ಲಿ ಮುಗಿಸಿದರು. 1912ರಲ್ಲಿ ಮತ್ತೊಂದನ್ನೂ ಬರೆದರು.

1923ರ ಉಯಿಲಿನಲ್ಲಿ ಅಡೇಲೆ ತಮ್ಮ ಪುಸ್ತಕಗಳನ್ನು ಶ್ರಮಿಕರ ಗ್ರಂಥಾಲಯಕ್ಕೆ ಬಿಟ್ಟರು. ಕ್ಲಿಮ್ಟ್ ಚಿತ್ರಗಳನ್ನು ಮಾತ್ರ, ಪತಿಯ ಮರಣಾನಂತರ ಆಸ್ಟ್ರಿಯಾದ ಸರ್ಕಾರಿ ಗ್ಯಾಲರಿಗೆ ಕೊಡುವಂತೆ ಪತಿಯನ್ನು ಕೇಳಿಕೊಂಡರು. ಅದು ಆದೇಶವಲ್ಲ, ಕೋರಿಕೆ. ಅನ್ಯಭಾಷೆಯ ಸುತ್ತೋಲೆಗಳಲ್ಲಿ ಒಂದೊಂದು ಪದವನ್ನೂ ತೂಗಿ ಓದಬೇಕಾದ ನಮಗೆ ಈ ಅಂತರ ಚೆನ್ನಾಗಿ ತಿಳಿಯುತ್ತದೆ. 1925ರಲ್ಲಿ, 43ನೆಯ ವಯಸ್ಸಿನಲ್ಲಿ, ಮಿದುಳುಪೊರೆಯ ಉರಿಯೂತದಿಂದ ಅವರು ತೀರಿಕೊಂಡರು.

1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ನುಂಗಿದಾಗ ಫರ್ಡಿನಾಂಡ್ ದೇಶ ಬಿಟ್ಟು ಓಡಿದರು, ಆಸ್ತಿಯೆಲ್ಲ ಜಪ್ತಿಯಾಯಿತು. 1941ರಲ್ಲಿ ಚಿನ್ನದ ಚಿತ್ರ ಸರ್ಕಾರಿ ಗ್ಯಾಲರಿ ಸೇರಿತು. ಯಹೂದಿ ಹೆಸರು ಕಾಣದಂತೆ, ಬರಿಯ ಮಹಿಳೆಯೊಬ್ಬಳ ಚಿತ್ರವೆಂದು ಅದನ್ನು ಪ್ರದರ್ಶಿಸಿದರು. 1945ರಲ್ಲಿ ಜ್ಯೂರಿಕ್‌ನಲ್ಲಿ ಮಡಿದ ಫರ್ಡಿನಾಂಡ್ ತಮ್ಮ ಆಸ್ತಿಯನ್ನು ಅಣ್ಣನ ಮಕ್ಕಳಾದ ಮೂವರಿಗೆ ಬರೆದಿಟ್ಟರು. ಯುದ್ಧಾನಂತರವೂ ನ್ಯಾಯ ದೊರೆಯಲಿಲ್ಲ: ಬೇರೆ ಕಲಾಕೃತಿಗಳನ್ನು ಹೊರಗೊಯ್ಯಲು ಪರವಾನಗಿ ಬೇಕಾಗಿದ್ದ ವಾರಸುದಾರರ ವಕೀಲರು, 1948ರಲ್ಲಿ ಕ್ಲಿಮ್ಟ್ ಚಿತ್ರಗಳ ಮೇಲೆ ಗ್ಯಾಲರಿಯ ಹಕ್ಕನ್ನು ಒಪ್ಪಿಕೊಳ್ಳಬೇಕಾಯಿತು. ಇದನ್ನು ಒಪ್ಪಂದವೆನ್ನಲು ನಮಗೆ ಮನಸ್ಸಾಗದು.

1998ರಲ್ಲಿ ಆಸ್ಟ್ರಿಯಾ ಕಾನೂನು ಬದಲಿಸಿ ಕಡತಗಳನ್ನು ತೆರೆದಾಗ, ಪತ್ರಕರ್ತ ಹುಬರ್ಟಸ್ ಚೆರ್ನಿನ್ ಹಳೆಯ ಕಾಗದಗಳನ್ನು ಬಯಲಿಗೆಳೆದರು. ಲಾಸ್ ಏಂಜಲೀಸ್‌ನಲ್ಲಿದ್ದ ವಾರಸುದಾರರಲ್ಲೊಬ್ಬರಾದ ಮರಿಯಾ ಆಲ್ಟ್‌ಮನ್ ಹಕ್ಕು ಕೇಳಿದರು. ಆಸ್ಟ್ರಿಯಾದಲ್ಲಿ ದಾವೆ ಹೂಡುವ ಶುಲ್ಕವೇ ಅವರ ಕೈಗೆಟುಕದಷ್ಟಿತ್ತು. ಆದುದರಿಂದ ಅಮೆರಿಕದಲ್ಲಿ ದಾವೆ ಹೂಡಿದರು. 2004ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ಅವಕಾಶವಿತ್ತಿತು. ಕೊನೆಗೆ ವಿಯೆನ್ನಾದಲ್ಲೇ ಕೂಡಿದ ಮೂವರು ಪಂಚರು, ಅಡೇಲೆಯವರ ಕೋರಿಕೆ ಕಟ್ಟಳೆಯಲ್ಲವೆಂದು ಪರಿಗಣಿಸಿ, 2006ರ ಜನವರಿಯಲ್ಲಿ ಐದು ಚಿತ್ರಗಳನ್ನು ವಾರಸುದಾರರಿಗೆ ಮರಳಿಸಲು ತೀರ್ಪಿತ್ತರು.

ಅದೇ ವರ್ಷ ರೊನಾಲ್ಡ್ ಲಾಡರ್ 13.5 ಕೋಟಿ ಡಾಲರಿಗೆ ಆ ಚಿತ್ರವನ್ನು ಕೊಂಡರೆಂದು ಪತ್ರಿಕೆಗಳು ವರದಿ ಮಾಡಿದವು. ಈಗ ಅದು ನ್ಯೂಯಾರ್ಕಿನ ನೋಯೆ ಗ್ಯಾಲರಿಯಲ್ಲಿದೆ, ಅಡೇಲೆಯವರ ಹೆಸರಿನೊಂದಿಗೆ.