ಶ್ರದ್ಧೆಯು ನಿಷ್ಠೆಯಾದ ಬಗೆ: ಫ. ಗು. ಹಳಕಟ್ಟಿಯವರ ತಾರುಣ್ಯ

ತಾರುಣ್ಯದಲ್ಲಿ ಮನುಷ್ಯನ ಹೃದಯವನ್ನು ಮೂರು ಶಕ್ತಿಗಳು ಆಳುತ್ತವೆ. ಮನೆಯ ಹಿರಿಯರಿಂದ ಬಂದ ದೈವಶ್ರದ್ಧೆ ಒಂದು. ಲೋಕದಲ್ಲಿ ಮೇಲಕ್ಕೇರಬೇಕೆಂಬ ಹಂಬಲ ಮತ್ತೊಂದು. ಹಿಡಿದ ಕೆಲಸವನ್ನು ಮಾಡಿಯೇ ತೀರುವೆನೆಂಬ ಆತ್ಮವಿಶ್ವಾಸ ಮೂರನೆಯದು. ಇವು ಮೂರೂ ಒಂದೇ ಮನೆಯಲ್ಲಿ ಬಾಳಲಾರವೆಂದು ಅನೇಕರು ಭಾವಿಸುತ್ತಾರೆ. ಹಂಬಲವುಳ್ಳವನಿಗೆ ಭಕ್ತಿ ತೊಡಕೆಂದು ತರುಣರು ಬಗೆಯುವುದುಂಟು. ಭಕ್ತನಾದವನಿಗೆ ಹಂಬಲ ಸಲ್ಲದೆಂದು ಹಿರಿಯರು ಹೇಳುವುದುಂಟು. ಈ ಎರಡು ಮಾತುಗಳಿಗೂ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯರು ವಚನಪಿತಾಮಹರೆಂದು ನಾಡೆಲ್ಲ ಗೌರವಿಸುವ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ಮುಪ್ಪಿನ ಕಾಲದ ಚಿತ್ರ ಎಲ್ಲರಿಗೂ ಪರಿಚಿತವಾದುದು. ಆದರೆ ಆ ಹಿರಿಯ ಬಾಳಿನ ಬೀಜವು ಮೊಳೆತದ್ದು ಅವರ ಇಪ್ಪತ್ತರ ಹರೆಯದಲ್ಲಿ. ಗೃಹಸ್ಥರೂ ಅವರ ಮನೆಯ ತರುಣರೂ ಕೂಡಿ ಅರಿಯಬೇಕಾದ ಭಾಗವೇ ಅದು.

ಹಳಕಟ್ಟಿಯವರು ಜನಿಸಿದುದು 1880ನೆಯ ಇಸವಿಯ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು. ಕನ್ನಡದಲ್ಲಿ ಗ್ರಂಥರಚನೆ ಮಾಡಿದ ಲೇಖಕರು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಆ ಭಾಗದ ಕಚೇರಿಗಳಲ್ಲಿ ಮರಾಠಿಯೂ ಇಂಗ್ಲಿಷೂ ಮೆರೆಯುತ್ತಿದ್ದ ಕಾಲವದು. ಅಂತಹ ದಿನಗಳಲ್ಲಿ ಕನ್ನಡದಲ್ಲಿ ಬರೆಯುವವರ ಮನೆಯಲ್ಲಿ ಹುಟ್ಟಿ ಬೆಳೆದುದು ಸಣ್ಣ ಭಾಗ್ಯವಲ್ಲ. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಮಗುವಿಗೆ ಅಜ್ಜಿಯ ಮಡಿಲು ಆಸರೆಯಾಯಿತು. ತಂದೆಯಿಂದ ನುಡಿಯ ಪ್ರೀತಿ, ಮನೆತನದಿಂದ ಲಿಂಗನಿಷ್ಠೆಯ ಸಂಸ್ಕಾರ, ಇವೇ ಆ ಬಾಲಕನಿಗೆ ದೊರೆತ ಆಸ್ತಿ.

ಧಾರವಾಡದ ವಿದ್ಯಾಭ್ಯಾಸ ಮುಗಿದ ಮೇಲೆ ತರುಣ ಫಕೀರಪ್ಪನವರು ಮುಂಬಯಿಗೆ ತೆರಳಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಅವರು ಆರಿಸಿಕೊಂಡ ವಿಷಯ ವಿಜ್ಞಾನ. 1901ರಲ್ಲಿ ಬಿ.ಎಸ್‌ಸಿ. ಪದವಿ, 1904ರಲ್ಲಿ ಕಾನೂನು ಪದವಿ ಅವರ ಕೈಸೇರಿದವು. ಉತ್ತರ ಕರ್ನಾಟಕದಲ್ಲಿ ಪದವೀಧರರು ವಿರಳರಾಗಿದ್ದ ಆ ಕಾಲದಲ್ಲಿ ಎರಡು ಪದವಿಗಳನ್ನು ಪಡೆದ ತರುಣನಿಗೆ ಸರಕಾರದ ಉನ್ನತ ಹುದ್ದೆಯ ಬಾಗಿಲೂ ವಕೀಲಿಯ ಸಂಪತ್ತಿನ ಬಾಗಿಲೂ ತೆರೆದೇ ಇದ್ದವು. ಅವರಲ್ಲಿ ಹಂಬಲವಿರಲಿಲ್ಲವೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾದ ಮಾತಾದೀತು. ತಾಯಿಯಿಲ್ಲದ ಹುಡುಗನೊಬ್ಬನು ಧಾರವಾಡದಿಂದ ಮುಂಬಯಿಯವರೆಗೆ ನಡೆದುದು ಹಂಬಲದ ಬಲದಿಂದಲೇ.

ಆದರೆ ಮುಂಬಯಿಯು ಅವರಿಗೆ ಪದವಿಗಳೊಂದಿಗೆ ಒಂದು ನೋವನ್ನೂ ಕೊಟ್ಟಿತು. ಮರಾಠಿಗರೂ ಗುಜರಾತಿಗಳೂ ತಮ್ಮ ಭಾಷೆ, ಇತಿಹಾಸ, ಸಂತರ ಸಾಹಿತ್ಯಗಳನ್ನು ಎತ್ತಿ ಹಿಡಿಯುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು. ಕನ್ನಡಿಗರಲ್ಲಿ ಆ ಎಚ್ಚರ ಇನ್ನೂ ಮೂಡಿರಲಿಲ್ಲ. ಮುಂದೆ ಕರ್ನಾಟಕದ ಕುಲಪುರೋಹಿತರೆನಿಸಿದ ಆಲೂರ ವೆಂಕಟರಾಯರು ಅವರ ಓರಗೆಯವರು, ಸ್ನೇಹಿತರು. ನಾಡು ನುಡಿಗಳ ಚಿಂತೆ ಆ ತರುಣರ ಮನಸ್ಸನ್ನು ಆವರಿಸಿತು. ತನ್ನ ಏಳಿಗೆಯೊಂದನ್ನೇ ಬಯಸುತ್ತಿದ್ದ ಹಂಬಲವು ತನ್ನವರೆಲ್ಲರ ಏಳಿಗೆಯನ್ನು ಬಯಸತೊಡಗಿದುದು ಹೀಗೆ.

ಆ ಹಂಬಲಕ್ಕೆ ಖಚಿತವಾದ ದಾರಿ ದೊರೆತುದು 1903ರ ಸುಮಾರಿಗೆ. ಬನಹಟ್ಟಿಯ ಕಡೆಯ ಸದ್ಗೃಹಸ್ಥರೊಬ್ಬರ ಮನೆಯಲ್ಲಿ ಪ್ರಭುದೇವರ ವಚನಗಳ ಮತ್ತು ಷಟ್‌ಸ್ಥಲ ತಿಲಕದ ಓಲೆಗರಿಯ ಪ್ರತಿಗಳು ಅವರ ಕಣ್ಣಿಗೆ ಬಿದ್ದವು. ಹನ್ನೆರಡನೆಯ ಶತಮಾನದ ಶರಣರ ನುಡಿಗಳಲ್ಲಿ ಅಚ್ಚಾಗಿದ್ದುವು ಆಗ ತೀರ ಸ್ವಲ್ಪ. ಉಳಿದುವೆಲ್ಲ ಮಠಗಳ ಅಟ್ಟಗಳಲ್ಲಿ, ಭಕ್ತರ ಮನೆಗಳ ಜಗಲಿಗಳ ಮೇಲೆ ಓಲೆಗರಿಯ ಕಟ್ಟುಗಳಾಗಿದ್ದುವು. ಜನರು ಅವುಗಳಿಗೆ ವಿಭೂತಿ ಹಚ್ಚಿ, ಹೂ ಏರಿಸಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಅಪರೂಪವಾಗಿದ್ದರು. ಹುಳುವೂ ಗೆದ್ದಲೂ ಮಳೆಯ ತೇವವೂ ಆ ಗರಿಗಳನ್ನು ವರ್ಷ ವರ್ಷವೂ ತಿನ್ನುತ್ತಿದ್ದವು. ಒಂದು ಗರಿ ಮುರಿದರೆ ಅದರ ಮೇಲಿದ್ದ ಶರಣವಾಣಿ ಲೋಕಕ್ಕೆ ಶಾಶ್ವತವಾಗಿ ಇಲ್ಲವಾದಂತೆ. ಇಪ್ಪತ್ತಮೂರು ವರ್ಷದ ಆ ವಿದ್ಯಾರ್ಥಿಗೆ ಇದು ಮನವರಿಕೆಯಾಯಿತು. ಶ್ರದ್ಧೆಯಿಂದ ಪೂಜೆಗೊಂಡ ಗ್ರಂಥವು ಓದುವವರಿಲ್ಲದೆ ನಾಶವಾಗುವುದು ಸಾಧ್ಯವೆಂಬ ಅರಿವೇ ಅವರ ಬಾಳಿನ ಗುರಿಯನ್ನು ನಿರ್ಣಯಿಸಿತು.

1904ರಲ್ಲಿ ಹಳಕಟ್ಟಿಯವರು ವಿಜಾಪುರದಲ್ಲಿ, ಎಂದರೆ ಇಂದಿನ ವಿಜಯಪುರದಲ್ಲಿ, ನೆಲೆಸಿ ವಕೀಲಿ ವೃತ್ತಿಯನ್ನು ನಡೆಸತೊಡಗಿದರು. ಬರಗಾಲಕ್ಕೆ ಹೆಸರಾದ, ವಿದ್ಯೆಯಲ್ಲಿ ಹಿಂದುಳಿದ ಆ ಜಿಲ್ಲೆಯೇ ಅವರ ಕಾರ್ಯಕ್ಷೇತ್ರವಾಯಿತು. ಹಗಲಿನ ನ್ಯಾಯಾಲಯದ ಕೆಲಸದ ಜೊತೆಗೆ ಊರೂರು ಅಲೆದು ಓಲೆಗರಿಗಳನ್ನು ಶೋಧಿಸುವ ಕಾಯಕವೂ ಸಾಗಿತು. ಪೂಜೆಯ ವಸ್ತುವಾದ ಕಟ್ಟನ್ನು ಪರರ ಕೈಗೆ ಕೊಡಲು ಮನೆಯವರು ಹಿಂಜರಿಯುವುದು ಸಹಜವೇ. ಅಂತಹವರ ವಿಶ್ವಾಸವನ್ನು ಗಳಿಸಲು ಕಾನೂನಿನ ವಾದ ಸಾಲದು. ಸಂಗ್ರಾಹಕನೂ ತಮ್ಮಂತೆಯೇ ಭಕ್ತನೆಂಬ ನಂಬುಗೆ ಅವರಲ್ಲಿ ಮೂಡಬೇಕು. ಹಳಕಟ್ಟಿಯವರ ಸರಳ ನಡೆಯೂ ನಿಷ್ಕಪಟ ಭಕ್ತಿಯೂ ಅನೇಕ ಮನೆಗಳ ಬಾಗಿಲನ್ನು ತೆರೆಯಿಸಿದವು.

ಗರಿಗಳು ಕೈಸೇರಿದ ಮೇಲೆ ನಿಜವಾದ ಪರಿಶ್ರಮ ಮೊದಲಾಗುತ್ತಿದ್ದಿತು. ಹಳೆಯ ಲಿಪಿಕಾರರು ಪದಗಳ ನಡುವೆ ಎಡೆಬಿಡದೆ ಬರೆಯುತ್ತಿದ್ದರು. ಒಂದೇ ವಚನ ಒಂದೊಂದು ಕಟ್ಟಿನಲ್ಲಿ ಒಂದೊಂದು ಬಗೆಯಾಗಿ ಕಾಣುವುದು. ಅಂಕಿತವನ್ನು ನೋಡಿ ವಚನಕಾರನನ್ನು ಗುರುತಿಸಬೇಕು. ಪ್ರತಿಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಧರಿಸಬೇಕು. ನೂರಾರು ವಚನಗಳನ್ನು ವಿಷಯಕ್ಕೆ ತಕ್ಕಂತೆ ವಿಂಗಡಿಸಬೇಕು. ವಿಜ್ಞಾನದ ವಿದ್ಯಾರ್ಥಿಯಾಗಿ ಕಲಿತ ಪರಿಶೀಲನೆಯೂ ವಕೀಲರಾಗಿ ಕಲಿತ ಸಾಕ್ಷ್ಯವಿಚಾರಣೆಯೂ ಇಲ್ಲಿ ಅವರ ಕೈಹಿಡಿದವು. ಮುಂಬಯಿಯಲ್ಲಿ ತನ್ನ ಉನ್ನತಿಗಾಗಿ ಗಳಿಸಿದ ವಿದ್ಯೆಯೆಲ್ಲವೂ ಶರಣರ ಸೇವೆಗೆ ಸಂದಿತು.

ವಚನಗಳನ್ನು ಹುಡುಕುತ್ತಿದ್ದವರು ವಚನಗಳ ಬೋಧೆಯನ್ನು ಆಚರಣೆಗೆ ತಾರದೆ ಇರಲಿಲ್ಲ. 1910ರಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ, ಅವರು ವಿಜಾಪುರದಲ್ಲಿ ಲಿಂಗಾಯತ ಜಿಲ್ಲಾ ವಿದ್ಯಾಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಬಿ.ಎಲ್.ಡಿ.ಇ. ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಸಂಸ್ಥೆಯು ಇಂದು ವೈದ್ಯಕೀಯ, ಇಂಜಿನಿಯರಿಂಗ್ ಮಹಾವಿದ್ಯಾಲಯಗಳವರೆಗೆ ಬೆಳೆದಿದೆ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಅವರ ಪ್ರಯತ್ನದಿಂದ ಹುಟ್ಟಿತು. ನೀರಿಗಾಗಿ ಬಾಯಾರುತ್ತಿದ್ದ ಊರಿಗೆ ಭೂತನಾಳ ಕೆರೆಯಾಗಬೇಕೆಂದು ದುಡಿದವರಲ್ಲಿಯೂ ಅವರು ಒಬ್ಬರು. ಅನ್ನ, ಅರಿವು, ನೀರು, ಸಾಲದ ಭಾರದಿಂದ ಬಿಡುಗಡೆ, ಇವುಗಳನ್ನು ಜನಕ್ಕೆ ಒದಗಿಸುವುದು ದಾಸೋಹವೇ ಎಂಬುದು ಅವರ ನಡೆಯಿಂದ ವ್ಯಕ್ತವಾಗುತ್ತದೆ.

ಇಷ್ಟೆಲ್ಲ ಆದರೂ ಓಲೆಗರಿಗಳನ್ನು ಕಂಡ ದಿನದ ಸಂಕಲ್ಪವು ಬೇಗನೆ ಫಲಿಸಲಿಲ್ಲ. ಬೇಸಗೆಗಳೂ ಮಳೆಗಾಲಗಳೂ ಉರುಳಿದವು. ಸಂಗ್ರಹ ಬೆಳೆಯಿತು, ಅಚ್ಚಾದ ಗ್ರಂಥ ಮಾತ್ರ ಕೈಗೆ ಬರಲಿಲ್ಲ. ಕೊನೆಗೆ ಹಸ್ತಪ್ರತಿ ಸಿದ್ಧವಾಗಿ ಮಂಗಳೂರಿನ ಹೆಸರಾಂತ ಮುದ್ರಣಾಲಯವೊಂದಕ್ಕೆ ಹೋಯಿತು. ಅಲ್ಲಿಯವರು ಮುದ್ರಿಸಲೊಪ್ಪದೆ ಅದನ್ನು ಹಿಂದಿರುಗಿಸಿದರು. ಇಪ್ಪತ್ತು ವರ್ಷದ ದುಡಿಮೆ ಹೀಗೆ ಮರಳಿ ಬಂದಾಗ ಎಂತಹವನ ಎದೆಯೂ ಕುಸಿಯಬಹುದು. ಕೇವಲ ತನ್ನ ಜಾಣತನವನ್ನು ನಂಬಿದವನು ಅಂತಹ ಗಳಿಗೆಯಲ್ಲಿ ಸೋಲೊಪ್ಪುತ್ತಾನೆ. ಏಕೆಂದರೆ ಜಾಣತನವನ್ನು ಲೋಕ ಮೆಚ್ಚದಿದ್ದರೆ ಅದರ ಮೇಲಿನ ನಂಬುಗೆಯೂ ಉಡುಗಿಹೋಗುತ್ತದೆ. ಹಳಕಟ್ಟಿಯವರ ನಂಬುಗೆ ನಿಂತದ್ದು ಕೈಯಲ್ಲಿದ್ದ ಶರಣವಾಣಿಯ ಬೆಲೆಯ ಮೇಲೆ. ಯಾರ ನಿರಾಕರಣೆಯಿಂದಲೂ ಆ ಬೆಲೆ ಕುಂದುವಂತಿರಲಿಲ್ಲ. ಆದುದರಿಂದ ಅವರು ಬೆಳಗಾವಿಯ ಕಡೆಗೆ ತಿರುಗಿದರು. ಅಲ್ಲಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು 1923ರಲ್ಲಿ ಬೆಳಕು ಕಂಡಿತು. ಆಗ ಅವರಿಗೆ ನಲವತ್ತಮೂರು ವರ್ಷ. ಇಪ್ಪತ್ತಮೂರರ ತರುಣನು ಕಂಡ ಕನಸನ್ನು ನಡುವಯಸ್ಸಿನ ಗೃಹಸ್ಥನು ಪೂರೈಸಿದಂತಾಯಿತು.

ಷಟ್‌ಸ್ಥಲ ಶಾಸ್ತ್ರದಲ್ಲಿ ಶ್ರದ್ಧೆಯು ಭಕ್ತಸ್ಥಲದ ಭಕ್ತಿ. ನಿಷ್ಠೆಯು ಮಾಹೇಶ್ವರಸ್ಥಲದ ಭಕ್ತಿ. ಶ್ರದ್ಧೆ ಹುಟ್ಟುವುದಕ್ಕೆ ಒಂದು ದಿನ ಸಾಕು. ಆ ಶ್ರದ್ಧೆಯು ಕಷ್ಟ, ವಿಳಂಬ, ಅಲಕ್ಷ್ಯಗಳ ನಡುವೆ ಕದಲದೆ ನಿಂತಾಗಲೇ ನಿಷ್ಠೆಯೆನಿಸುವುದು. ಓಲೆಗರಿಗಳ ಮುಂದೆ ಕುಳಿತ ದಿನ ಹಳಕಟ್ಟಿಯವರಲ್ಲಿದ್ದುದು ಶ್ರದ್ಧೆ. ಹಿಂದಿರುಗಿ ಬಂದ ಹಸ್ತಪ್ರತಿಯನ್ನು ಮತ್ತೆ ಕೈಗೆತ್ತಿಕೊಂಡ ದಿನ ಅವರಲ್ಲಿದ್ದುದು ನಿಷ್ಠೆ. ನಡುವಣ ಇಪ್ಪತ್ತು ವರ್ಷಗಳೇ ಅವರ ಸಾಧನೆ.

ಆ ನಿಷ್ಠೆಗೆ ಇನ್ನೂ ಕಠಿಣವಾದ ಪರೀಕ್ಷೆ ಕಾದಿದ್ದಿತು. ಪರರ ಮುದ್ರಣಾಲಯವನ್ನು ನಂಬಿ ಈ ಕೆಲಸ ಸಾಗದೆಂದು ಅರಿತ ಅವರು 1925ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ, ಆ ಹಣದಿಂದ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮನೆಕಟ್ಟಿ ನೋಡೆಂಬ ಗಾದೆಯ ನಾಡಿನಲ್ಲಿ ಗೃಹಸ್ಥನೊಬ್ಬನು ಕಟ್ಟಿದ ಮನೆಯನ್ನು ಮಾರುವುದೆಂದರೆ ಏನೆಂಬುದನ್ನು ಸಂಸಾರಿಗಳೆಲ್ಲ ಬಲ್ಲರು. ಆ ಹೊರೆ ಅವರೊಬ್ಬರ ಮೇಲೆ ಬೀಳಲಿಲ್ಲ. ಮಡದಿಯೂ ಮಕ್ಕಳೂ ಅದರಲ್ಲಿ ಪಾಲುಗೊಂಡರು. ವಚನಪಿತಾಮಹರ ಕೀರ್ತಿಯಲ್ಲಿ ಬಾಡಿಗೆಯ ಮನೆಯಲ್ಲಿ ಸಂಸಾರ ಸಾಗಿಸಿದ ಆ ಗೃಹಿಣಿಯ ಪಾಲೂ ಇದೆಯೆಂಬುದನ್ನು ಮರೆಯಲಾಗದು.

1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಹೊರಟವು. ಶಿವಾನುಭವವು ಮೂರು ದಶಕಗಳಿಗೂ ಮಿಕ್ಕು ನಡೆದು, ಶರಣರ ಚರಿತ್ರೆಗಳನ್ನೂ ವಚನಗಳನ್ನೂ ಹರಿಹರನ ರಗಳೆಗಳನ್ನೂ ಕುರಿತ ಅರಿವನ್ನು ಭಕ್ತರ ಮನೆಗಳಿಗೆ ಮುಟ್ಟಿಸಿತು. ಆವರೆಗೆ ಸುಮಾರು 50 ಮಂದಿ ವಚನಕಾರರ ಹೆಸರುಗಳಷ್ಟೇ ತಿಳಿದಿದ್ದುವು. ಹಳಕಟ್ಟಿಯವರ ಶೋಧನೆಯಿಂದ ಆ ಸಂಖ್ಯೆ 250ನ್ನು ಮೀರಿತು. ಅಂಬಿಗ, ಮಡಿವಾಳ, ಮಾದಾರ, ಸೂಳೆ ಎಂದು ಲೋಕವು ಕರೆದ ಕುಲ ಕಸುಬುಗಳಿಂದ ಬಂದ ಶರಣ ಶರಣೆಯರ ಧ್ವನಿ ಅಚ್ಚಿನ ಅಕ್ಷರದಲ್ಲಿ ಉಳಿದುದು ಈ ಬಗೆಯ ಪರಿಶ್ರಮದಿಂದ. ನಾಡು ಅವರನ್ನು 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿ ಗೌರವಿಸಿತು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಗೌರವ ಡಿ.ಲಿಟ್. ಪದವಿಯನ್ನಿತ್ತಿತು. ಮನ್ನಣೆ ಬಂದರೂ ಸಿರಿ ಬರಲಿಲ್ಲ. ಅವರು ಅದನ್ನು ಅರಸಿದವರೂ ಅಲ್ಲ. 1964ರ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರೇ ದಿನಗಳಿದ್ದಾಗ, ಅವರು ಲಿಂಗೈಕ್ಯರಾದರು.

ಇಂದು ಶರಣರ ವಚನಗಳು ಸುಲಭ ಬೆಲೆಗೆ ದೊರೆಯುತ್ತವೆ. ಮಕ್ಕಳ ಪಠ್ಯಪುಸ್ತಕಗಳಲ್ಲಿಯೂ ಇವೆ. ಈ ಸೌಲಭ್ಯದ ಹಿಂದೆ ಒಬ್ಬ ತರುಣನ ಆಯ್ಕೆಯಿದೆ. ಮುಂಬಯಿಯಿಂದ ಮರಳಿದ ಆ ವಕೀಲನು ಹಂಬಲವನ್ನು ಬಿಡಲಿಲ್ಲ. ಅದನ್ನು ತನಗಿಂತ ದೊಡ್ಡದಾದ ವಸ್ತುವಿಗೆ ಒಪ್ಪಿಸಿದನು. ಆತ್ಮವಿಶ್ವಾಸವನ್ನು ಬಿಡಲಿಲ್ಲ, ಅದಕ್ಕೆ ಶಿವಶ್ರದ್ಧೆಯ ತಳಹದಿಯನ್ನಿಟ್ಟನು. ಮಕ್ಕಳು ಉನ್ನತ ವಿದ್ಯೆಯನ್ನು ಪಡೆಯಲೆಂದು ಹಾರೈಸುವ ಗೃಹಸ್ಥರು ಆ ವಿದ್ಯೆ ಯಾರಿಗಾಗಿ ಎಂಬುದನ್ನೂ ಅವರ ಕಿವಿಯಲ್ಲಿ ಹಾಕಬೇಕು. ತರುಣರಾದರೋ, ಹಿಡಿದ ಸತ್ಕಾರ್ಯ ಒಂದೆರಡು ವರ್ಷಗಳಲ್ಲಿ ಫಲಿಸದಿದ್ದರೆ ಕೈಬಿಡುವ ಮುನ್ನ ವಿಜಾಪುರದ ಈ ವಕೀಲರು ಕಾದ ಇಪ್ಪತ್ತು ವರ್ಷಗಳನ್ನು ನೆನೆಯಬೇಕು. ಮನೆಯ ಜಗಲಿಯ ಮೇಲೆ ವಚನಗ್ರಂಥವಿದ್ದರೆ ಅದಕ್ಕೆ ಹೂವೇರಿಸಿದ ಕೈ ದಿನಕ್ಕೊಂದು ಪುಟವನ್ನಾದರೂ ತೆರೆಯಲಿ. ಹಳಕಟ್ಟಿಯವರು ತಮ್ಮ ಬಾಳನ್ನು ತೆತ್ತುದು ಆ ಪುಟವನ್ನು ಯಾರಾದರೂ ಓದಲೆಂದೇ.