ತುತ್ತೂರಿಯ ಚಿಕ್ ಚಾಕಲೇಟ್

1950ರ ‘ಸಮಾಧಿ’ ಚಿತ್ರದ ‘ಗೋರೆ ಗೋರೆ’ ಹಾಡನ್ನು ಅರಿಯದ ಹಿರಿಯರು ಮುಂಬಯಿ ಕನ್ನಡಿಗರಾದ ನಮ್ಮ ಮನೆಗಳಲ್ಲಿ ವಿರಳ. ಲತಾ ಮಂಗೇಶ್ಕರರೊಡನೆ ಅದನ್ನು ಹಾಡಿದವರು ಬೀಳಗಿಯ ಅಮೀರಬಾಯಿ ಕರ್ನಾಟಕಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸಂಗೀತ ಸಿ. ರಾಮಚಂದ್ರ ಅವರದೆಂಬುದೂ ನಮಗೆ ತಿಳಿದದ್ದೇ. ಆದರೆ ಅವರ ಸಹಾಯಕರಾಗಿ ಇಂತಹ ಹಾಡುಗಳಿಗೆ ಪಾಶ್ಚಾತ್ಯ ನಡೆಯನ್ನು ತೊಡಿಸಿದ ಗೋವೆಯ ಟ್ರಂಪೆಟ್ ವಾದಕರನ್ನು ನೆನೆಯುವವರು ಕಡಿಮೆ. ಅವರೇ ಚಿಕ್ ಚಾಕಲೇಟ್.

ಅವರ ನಿಜನಾಮ ಆಂಟೋನಿಯೋ ಝೇವಿಯರ್ ವಾಜ್. ಜನನ 1916ರಲ್ಲಿ, ಗೋವೆಯ ಆಲ್ಡೋನಾ ಗ್ರಾಮದಲ್ಲಿ. ಗೋವೆ ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ಅಲ್ಲಿನ ಚರ್ಚಿನ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರದೊಡನೆ ಪಾಶ್ಚಾತ್ಯ ಸ್ವರಲಿಪಿಯನ್ನೂ ಕಲಿಸುತ್ತಿದ್ದರು. ಊರಿನಲ್ಲಿ ಉದ್ಯೋಗವಿಲ್ಲದೆ ಮುಂಬಯಿಗೆ ಬಂದ ಎಷ್ಟೋ ಗೋವನ್ನರಿಗೆ ಆ ವಿದ್ಯೆಯೇ ಅನ್ನವಾಯಿತು.

1935ರಲ್ಲಿ ಲಿಯಾನ್ ಆಬಿಯವರ ಕಪ್ಪು ಅಮೆರಿಕನ್ನರ ವಾದ್ಯವೃಂದ ಕೊಲಾಬಾದ ತಾಜಮಹಲ್ ಹೋಟೆಲಿಗೆ ಬಂದಿತು. ಅನಂತರ ಕ್ರಿಕೆಟ್ ಸ್ಮಿತ್, ಟೆಡ್ಡಿ ವೆದರ್‌ಫೋರ್ಡ್ ಮೊದಲಾದವರು ಬಂದರು. ಜಾಝ್ ಸಂಗೀತವನ್ನು ಗೋವೆಯ ತರುಣರು ಪ್ರತ್ಯಕ್ಷ ಕಂಡು ಕಲಿತದ್ದು ಇಂಥವರಿಂದ. ಚಿಕ್ ಅವರ ಆರಾಧ್ಯದೈವವಾದರೋ ಲೂಯಿ ಆರ್ಮ್‌ಸ್ಟ್ರಾಂಗ್. ಆರ್ಮ್‌ಸ್ಟ್ರಾಂಗರ ತುತ್ತೂರಿಯ ಶೈಲಿಯನ್ನಷ್ಟೇ ಅಲ್ಲ, ಆ ಒರಟು ಕಂಠವನ್ನೂ, ವಾದನದ ನಡುವೆ ಕರವಸ್ತ್ರದಿಂದ ಬೆವರೊರೆಸಿಕೊಳ್ಳುವ ರೀತಿಯನ್ನೂ ಅವರು ತಮ್ಮದಾಗಿಸಿಕೊಂಡರು. ತಾಜ್‌ನಲ್ಲಿ ಸ್ವಂತ ವೃಂದದೊಡನೆ ನುಡಿಸಿದ ಅವರನ್ನು ಜನರು ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎಂದೇ ಕರೆದರು.

ಇದನ್ನು ಬರಿಯ ಅನುಕರಣೆಯೆಂದು ಕಡೆಗಣಿಸುವುದು ಸುಲಭ. ನಾವು ಹಾಗೆಣಿಸುವುದಿಲ್ಲ. ಯಕ್ಷಗಾನದಲ್ಲಿ ಎಳೆಯ ಭಾಗವತನು ಹಿರಿಯ ಭಾಗವತರ ಧಾಟಿಯನ್ನೇ ಹಿಡಿದು ಮೇಲೆ ಬರುವುದಿಲ್ಲವೇ? ಚಿಕ್ ಅವರ ಗುರುವಾದರೋ ಸಮುದ್ರದಾಚೆ ಇದ್ದವರು. ಅವರ ಪಾಠವೆಲ್ಲ ಗ್ರಾಮಫೋನ್ ತಟ್ಟೆಗಳಲ್ಲಿ. ಆದರೂ ಇನ್ನೊಬ್ಬರ ಹೆಸರೇ ಬಿರುದಾದಾಗ ಸ್ವಂತಿಕೆಯನ್ನು ಗುರುತಿಸುವವರು ಯಾರು?

ಆ ಸ್ವಂತಿಕೆ ಬೆಳಗಿದ್ದು ಚಿತ್ರರಂಗದ ಧ್ವನಿಮುದ್ರಣ ಶಾಲೆಗಳಲ್ಲಿ. 1949ರ ಮುಂಬಯಿ ಪಾನನಿರೋಧ ಕಾಯಿದೆಯಿಂದ ರಾತ್ರಿಯ ನೃತ್ಯಕೂಟಗಳ ಕಳೆ ಕುಂದಿತು. ವಾದಕರಿಗೆ ಸಿನೆಮಾದ ಕೆಲಸ ಇನ್ನಷ್ಟು ಅಗತ್ಯವಾಯಿತು. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಹಿಡಿದು ಧಾಟಿಯನ್ನು ಗುನುಗುವರು. ಅದನ್ನು ಸ್ವರಲಿಪಿಗಿಳಿಸಿ, ಪಿಟೀಲಿಗೆ ಇಷ್ಟು, ತುತ್ತೂರಿಗೆ ಇಷ್ಟು ಎಂದು ಹಂಚಿ, ಚರಣಗಳ ನಡುವಣ ವಾದ್ಯಭಾಗಗಳನ್ನು ಹೆಣೆಯುವ ಹೊಣೆ ಸಹಾಯಕರದು. ಮುದ್ರಣದಲ್ಲಿ ಗಾಯಕರೂ ವಾದಕರೂ ಒಟ್ಟಿಗೇ ನಿಲ್ಲಬೇಕು. ಒಬ್ಬರು ತಪ್ಪಿದರೂ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ರಾತ್ರಿ ಹೋಟೆಲಿನಲ್ಲಿ ಮನಬಂದಂತೆ ನುಡಿಸಿದ ತುತ್ತೂರಿ ಹಗಲಿನಲ್ಲಿ ಗಾಯಕಿಯ ಉಸಿರನ್ನು ಕಾದು, ಎರಡೇ ಸಾಲಿನ ಎಡೆಯಲ್ಲಿ ತನ್ನ ಮಾತನ್ನು ಹೇಳಿ ಮುಗಿಸಬೇಕು! ಈ ಎರಡೂ ಬಲ್ಲವರು ಎಷ್ಟು ಮಂದಿ?

‘ಗೋರೆ ಗೋರೆ’ಯ ಮೂಲಧಾಟಿ ಅಮೆರಿಕದ ಚಿತ್ರವೊಂದರಿಂದ ಬಂದದ್ದು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದನ್ನು ಹಿಂದೀ ನುಡಿಗೆ ಒಗ್ಗಿಸಿದ್ದರಲ್ಲಿಯೇ ಜಾಣ್ಮೆ. ಮರುವರ್ಷದ ‘ಅಲಬೇಲಾ’ದಲ್ಲಿ ರಾಮಚಂದ್ರ ಮತ್ತು ಚಿಕ್ ಅವರ ಜೊತೆಗಾರಿಕೆ ತುತ್ತತುದಿಗೇರಿತು, ‘ಶೋಲಾ ಜೋ ಭಡ್ಕೆ’ ಆ ಚಿತ್ರದ್ದೇ. ಮದನ್ ಮೋಹನ್ ಅವರೊಡನೆಯೂ ಚಿಕ್ ದುಡಿದರು. 1951ರಲ್ಲಿಯೇ ದೇವ್ ಆನಂದ್ ಮತ್ತು ಮಧುಬಾಲಾ ನಟಿಸಿದ ‘ನಾದಾನ್’ ಚಿತ್ರಕ್ಕೆ ಸ್ವತಂತ್ರವಾಗಿ ಸಂಗೀತವಿತ್ತರೂ, ಆ ದಾರಿ ಅವರನ್ನು ಬಹುದೂರ ಒಯ್ಯಲಿಲ್ಲ. ಆ ಕಾಲದ ಗ್ರಾಮಫೋನ್ ತಟ್ಟೆಗಳ ಮೇಲೆ ಗಾಯಕರ ಮತ್ತು ಸಂಗೀತ ನಿರ್ದೇಶಕರ ಹೆಸರು ಇರುತ್ತಿತ್ತು. ಹಿನ್ನೆಲೆಯ ವಾದಕರಿಗೆ ಅಲ್ಲಿ ಎಡೆಯಿರಲಿಲ್ಲ.

1967ರಲ್ಲಿ ಚಿಕ್ ಚಾಕಲೇಟ್ ನಿಧನರಾದರು. ಅವರನ್ನು ಕಣ್ಣಾರೆ ಕಾಣಬಯಸುವ ವಾಚಕರು ‘ಅಲಬೇಲಾ’ವನ್ನು ಮತ್ತೊಮ್ಮೆ ನೋಡಬಹುದು. ನೃತ್ಯದ ದೃಶ್ಯವೊಂದರಲ್ಲಿ ತಮ್ಮ ವೃಂದದವರೊಡನೆ ಅವರೇ ಪರದೆಯ ಮೇಲೆ ಇದ್ದಾರೆ. ಭಗವಾನ್ ಮತ್ತು ಗೀತಾ ಬಾಲಿಯವರ ಮೇಲಿನ ದೃಷ್ಟಿಯನ್ನು ಒಂದಿಷ್ಟು ಹಿಂದಕ್ಕೆ ಹೊರಳಿಸಬೇಕು, ಅಷ್ಟೇ.