ಸೊಳ್ಳೆಯ ಬೆನ್ನುಹತ್ತಿದ ವೈದ್ಯ: ಸರ್ ರೊನಾಲ್ಡ್ ರಾಸ್

ನಮ್ಮ ನೀಲಗಿರಿಯ ಸೀಗೂರು ಘಟ್ಟವನ್ನು ಹತ್ತಿಳಿದ ಹಿರಿಯರಿಗೆ ಚಳಿಜ್ವರವು ಅಪರಿಚಿತವಾಗಿರಲಿಲ್ಲ. ಕೆಟ್ಟ ಗಾಳಿಯೇ ಅದಕ್ಕೆ ಮೂಲವೆಂದು ಲೋಕವೆಲ್ಲ ಬಹುಕಾಲ ನಂಬಿದ್ದಿತು. ಆ ಭ್ರಮೆಯನ್ನು ಕಳೆದ ಮಹನೀಯರೂ ಇದೇ ಘಟ್ಟದಲ್ಲಿ ಆ ಜ್ವರಕ್ಕೆ ತುತ್ತಾದರೆಂಬುದನ್ನು ಈ ಸಂಚಿಕೆಯಲ್ಲಿ ಸ್ಮರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ರೊನಾಲ್ಡ್ ರಾಸ್ 1857ರ ಮೇ 13ರಂದು ಅಲ್ಮೋರದಲ್ಲಿ ಸೇನಾಧಿಕಾರಿಯೊಬ್ಬರ ಮಗನಾಗಿ ಜನಿಸಿದರು. ಕಾವ್ಯ, ಗಣಿತಗಳಲ್ಲಿ ಒಲವಿದ್ದರೂ ತಂದೆಯ ಇಚ್ಛೆಯಂತೆ ವೈದ್ಯರಾಗಿ 1881ರಲ್ಲಿ ಭಾರತದ ವೈದ್ಯಕೀಯ ಸೇವೆಯನ್ನು ಸೇರಿದರು. ಜ್ವರದ ಜೀವಾಣುವನ್ನು ಲಾವೆರಾನ್ ಎಂಬ ಫ್ರೆಂಚ್ ವೈದ್ಯರು 1880ರಲ್ಲಿಯೇ ಕಂಡಿದ್ದರು. ಅದು ದೇಹದಿಂದ ದೇಹಕ್ಕೆ ಸಾಗುವ ಬಗೆ ಮಾತ್ರ ಗೂಢವಾಗಿದ್ದಿತು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರು ರಾಸರಿಗೆ ಸೊಳ್ಳೆಯ ಕಡೆಗೆ ದಾರಿ ತೋರಿದರು.

ಮರುವರ್ಷ ಸಿಕಂದರಾಬಾದಿನಲ್ಲಿ ಕಾರ್ಯವು ಮೊದಲಾಯಿತು. ಮರಿಹುಳುಗಳನ್ನು ನೀರಿನಲ್ಲಿ ಸಾಕಿ, ಹೊರಬಂದ ಸೊಳ್ಳೆಗಳನ್ನು ಪರದೆಯೊಳಗೆ ರೋಗಿಯ ಮೇಲೆ ಬಿಟ್ಟು, ರಕ್ತವುಂಡವುಗಳ ಹೊಟ್ಟೆಯನ್ನು ಸೀಳಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕಾಗಿತ್ತು. ಬೀಸಣಿಗೆ ಬೀಸಿದರೆ ಸೀಳಿದ ಕೀಟವು ಹಾರಿಹೋಗುತ್ತಿತ್ತು. ಬೆವರಿನಿಂದ ಯಂತ್ರದ ತಿರುಪುಗಳು ತುಕ್ಕುಹಿಡಿದವು. ನಡುವೆ ಕಾಲರಾ ನಿವಾರಣೆಗೆಂದು ಬೆಂಗಳೂರಿಗೆ ಹೋಗಬೇಕಾಯಿತು. ಎರಡು ವರ್ಷ ಕಂದು, ಬೂದು ಸೊಳ್ಳೆಗಳನ್ನು ಸೀಳಿದರೂ ಫಲ ದೊರೆಯಲಿಲ್ಲ. ದೋಷವಿದ್ದುದು ವಿಧಾನದಲ್ಲಲ್ಲ, ಸೊಳ್ಳೆಯ ಜಾತಿಯಲ್ಲಿ.

ಉದಕಮಂಡಲಕ್ಕೆ ಬಂದಾಗ ಸೀಗೂರಿನಲ್ಲಿ ರಾಸರು ಜ್ವರದಿಂದ ನರಳಿದರು. ಗೋಡೆಯ ಮೇಲೆ ಬಾಲವೆತ್ತಿ ಓರೆಯಾಗಿ ಕುಳಿತ, ಚುಕ್ಕೆರೆಕ್ಕೆಯ ಸೊಳ್ಳೆಯೊಂದು ಅಲ್ಲಿಯೇ ಅವರ ಗಮನವನ್ನು ಸೆಳೆಯಿತು. ಅಂತಹ ಸೊಳ್ಳೆಗಳೇ ಮುಂದೆ ಸಿಕಂದರಾಬಾದಿನಲ್ಲಿಯೂ ದೊರೆತವು. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ಮೈಯೊಡ್ಡಿದನು. 1897ರ ಆಗಸ್ಟ್ 20ರಂದು ಅಂತಹ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕರಿಕಣಗಳುಳ್ಳ ಕೋಶಗಳು ಗೋಚರವಾದವು. ಜೀವಾಣುವು ಅಲ್ಲಿ ಬೆಳೆಯುತ್ತಿದ್ದಿತು!

ಆದರೆ ಸ್ವಲ್ಪ ದಿನಗಳಲ್ಲಿಯೇ ರಾಜಪುತಾನದ ಖೇರವಾರಕ್ಕೆ ವರ್ಗವಾಗಿ ಕೆಲಸವು ನಿಂತಿತು. 1898ರಲ್ಲಿ ಕಲ್ಕತ್ತೆಯಲ್ಲಿ, ಮಹಮ್ಮದ್ ಬಕ್ಸ್ ಎಂಬ ಸಹಾಯಕನೊಡನೆ, ಹಕ್ಕಿಗಳ ಮಲೇರಿಯಾವನ್ನು ಪರಿಶೋಧಿಸಿದರು. ಜೀವಾಣುವು ಹೊಟ್ಟೆಯಿಂದ ಸೊಳ್ಳೆಯ ಜೊಲ್ಲುಗ್ರಂಥಿಗೆ ಸೇರಿ, ಕಡಿತದ ಮೂಲಕವೇ ಹರಡುವುದೆಂದು ಜುಲೈ ತಿಂಗಳಲ್ಲಿ ಸಿದ್ಧವಾಯಿತು. ಸೊಳ್ಳೆ ಸತ್ತ ನೀರನ್ನು ಕುಡಿದರೆ ಜ್ವರ ಬರುವುದೆಂಬ ಗುರುವಿನ ಊಹೆಯೂ ಇದರಿಂದ ಬಿದ್ದುಹೋಯಿತು. ಮನುಷ್ಯರಲ್ಲಿಯೂ ಹಾಗೆಯೇ ಎಂಬುದನ್ನು ಅದೇ ವರ್ಷ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ತೋರಿಸಿದರು.

ರಾಸರಿಗೆ 1902ರಲ್ಲಿ ನೊಬೆಲ್ ಪಾರಿತೋಷಕವೂ 1911ರಲ್ಲಿ ಸರ್ ಪದವಿಯೂ ದೊರೆತವು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ಅವರು ನಿಧನರಾದರು.

ಮಹಾಪದವಿಗಳಿಗಿಂತ ನಮ್ಮ ಮನಸ್ಸಿನಲ್ಲಿ ನಿಲ್ಲುವುದು, ಕ್ಷುದ್ರ ಕೀಟವೊಂದು ಕುಳಿತ ಭಂಗಿಯನ್ನೂ ಅಲಕ್ಷಿಸದ ಆ ದೃಷ್ಟಿ. ಒಂದಾಣೆಗೆ ಮೈಯೊಡ್ಡಿದ ರೋಗಿಯ ಹೆಸರೂ ರಾಸರ ಹೆಸರಿನೊಡನೆ ನಮ್ಮ ಮಕ್ಕಳಿಗೆ ತಿಳಿದಿರಲಿ.